ಮರಿ ಸುಮ್ನೆ ಮಲಗಿದ್ದಾಗ ನೀವು ಎಲ್ಲಿ ನೋಡುತ್ತಿದ್ದೀರಿ?

ಬೆಂಗಳೂರಿನಲ್ಲಿ, ಹೊಸದಾಗಿ ನಾಯಿಮರಿ ತಂದ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ.

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಹೆಚ್ಚಿನವರ ಮನೆಗೆ ಈಗಷ್ಟೇ ಮರಿ ಬಂದಿದೆ. ಕೆಲವರು ಲ್ಯಾಬ್ರಡಾರ್ ತಂದಿದ್ದೀರಿ, ಕೆಲವರು ಮುಧೋಳ ಮರಿ ತಂದಿದ್ದೀರಿ. ಬೀದಿಯಲ್ಲಿ ಮಳೆಗೆ ನಡುಗುತ್ತಿದ್ದ ಮರಿಯನ್ನು ಎತ್ತಿಕೊಂಡು ಬಂದವರೂ ಇದ್ದೀರಿ. ನಾನು ಹೇಳುವುದು ಇವೆಲ್ಲಕ್ಕೂ ಒಂದೇ. ತಳಿ ಬದಲಾದರೆ ಹುರುಪು, ಓಟ, ಮೂಗಿನ ಚಟ ಬದಲಾಗುತ್ತದೆ. ಕಲಿಯುವ ರೀತಿ ಬದಲಾಗುವುದಿಲ್ಲ.

ನಿಮ್ಮ ಮನೆಯ ಒಂದು ಸಂಜೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಮರಿ ಸೋಫಾ ಪಕ್ಕ ಸುಮ್ನೆ ಮಲಗಿದೆ. ಯಾರೂ ಅದರ ಕಡೆ ನೋಡುವುದಿಲ್ಲ. ಸದ್ಯ ಮಲಗಿತಲ್ಲ ಅಂತ ಎಲ್ಲರೂ ಅವರವರ ಕೆಲಸಕ್ಕೆ ಹೋಗುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಅದು ಎದ್ದು ಬಾಗಿಲ ಹತ್ತಿರ ಹೋಗಿ ಒಂದು ಚಪ್ಪಲಿ ಕಚ್ಚಿಕೊಳ್ಳುತ್ತದೆ. ಈಗ ಮನೆಯೆಲ್ಲ ಅದರ ಹಿಂದೆ. ಮಗ ಓಡುತ್ತಾನೆ, ಅಮ್ಮ ಅಡುಗೆಮನೆಯಿಂದ ಕೂಗುತ್ತಾರೆ, ಅಜ್ಜಿ ನಗುತ್ತಾರೆ, ಅಪ್ಪ ಫೋನ್ ಕೆಳಗಿಟ್ಟು ಮೇಜಿನ ಕೆಳಗೆ ಬಗ್ಗುತ್ತಾರೆ. ಮರಿಯ ಲೆಕ್ಕದಲ್ಲಿ ಏನಾಯಿತು ಹೇಳಿ. ತೆಪ್ಪಗೆ ಮಲಗಿದರೆ ಏನೂ ಸಿಗಲ್ಲ. ಚಪ್ಪಲಿ ಹಿಡಿದರೆ ನಾಲ್ಕು ಜನ ಆಟಕ್ಕೆ ಬರುತ್ತಾರೆ. ನಾಳೆ ಅದು ಯಾವುದನ್ನು ಮಾಡುತ್ತದೆ?

ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಮುಖ್ಯವಾಗಿ ಇದನ್ನೇ. ಮರಿ ಬೆಳಗ್ಗೆಯಿಂದ ರಾತ್ರಿವರೆಗೆ ಕಲಿಯುತ್ತಲೇ ಇರುತ್ತದೆ. ಟ್ರೇನಿಂಗ್ ಅಂದರೆ ದಿನಕ್ಕೆ ಹತ್ತು ನಿಮಿಷ ಕೂರು, ನಿಲ್ಲು, ಶೇಕ್‌ಹ್ಯಾಂಡ್ ಕೊಡು ಅನ್ನುವುದಲ್ಲ. ಮರಿ ಸರಿಯಾಗಿ ನಡೆದುಕೊಂಡ ಹೊತ್ತನ್ನು ಗುರುತಿಸುವ ಕಣ್ಣು ಮನೆಯವರಿಗೆ ಬರಬೇಕು. ತಪ್ಪು ನಮಗೆ ತಾನಾಗಿಯೇ ಕಾಣುತ್ತದೆ, ಅದು ಸದ್ದು ಮಾಡುತ್ತದೆ. ಒಳ್ಳೆಯ ನಡತೆ ಸದ್ದು ಮಾಡುವುದಿಲ್ಲ. ಅದನ್ನು ಹುಡುಕಿ ನೋಡಬೇಕು.

ಇದನ್ನು ಮೊದಲು ತೋರಿಸಿಕೊಟ್ಟವರು ನಾಯಿ ಪಳಗಿಸುವವರಲ್ಲ. 1898ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ನೋಡಿದರು. ಒಳಗಿನ ದಾರವನ್ನೋ ಅಗುಳಿಯನ್ನೋ ಸರಿಯಾಗಿ ಎಳೆದರೆ ಬಾಗಿಲು ತೆರೆಯುತ್ತಿತ್ತು, ಹೊರಗೆ ಮೀನು ಇರುತ್ತಿತ್ತು. ಬೆಕ್ಕು ಮೊದಲು ಸುಮ್ಮನೆ ಪರಚಾಡುತ್ತಿತ್ತು. ಮತ್ತೆ ಮತ್ತೆ ಒಳಗಿಟ್ಟಾಗ ಬೇಡದ ಪರಚಾಟ ಕಡಿಮೆಯಾಗಿ, ಬಾಗಿಲು ತೆರೆಸಿದ ಕೆಲಸವೊಂದೇ ಉಳಿಯಿತು. ಒಳ್ಳೆಯ ಫಲ ಕೊಟ್ಟ ನಡವಳಿಕೆ ಮತ್ತೆ ಬರುತ್ತದೆ ಅಂತ ಅವರು ಕಂಡುಕೊಂಡರು. ಮುಂದೆ ಅಲ್ಲಿನ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳ ಮೇಲೆ ಇದನ್ನು ಇನ್ನೂ ಸೂಕ್ಷ್ಮವಾಗಿ ನೋಡಿದರು. ಅವರ ಶಿಷ್ಯರಾದ ಕೆಲ್ಲರ್ ಮತ್ತು ಮೇರಿಯನ್ ಬ್ರೀಲಾಂಡ್ ದಂಪತಿ 1940ರ ದಶಕದಲ್ಲಿ ಪ್ರಯೋಗಾಲಯದಿಂದ ಹೊರಬಂದು ಕೋಳಿ, ಹಂದಿ, ನಾಯಿ ಎಲ್ಲಕ್ಕೂ ಹೀಗೇ ಕಲಿಸಿದರು.

ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾಗುವುದು ಡಾಲ್ಫಿನ್‌ಗಳು. 1960ರ ದಶಕದಲ್ಲಿ ಹವಾಯಿಯ ಸೀ ಲೈಫ್ ಪಾರ್ಕ್‌ನಲ್ಲಿ ಕ್ಯಾರೆನ್ ಪ್ರಯರ್ ಅವರು ಡಾಲ್ಫಿನ್‌ಗಳಿಗೆ ಕಲಿಸುತ್ತಿದ್ದರು. ಡಾಲ್ಫಿನ್‌ಗೆ ಬೆಲ್ಟ್ ಹಾಕಿ ಎಳೆಯಲು ಆಗುವುದಿಲ್ಲ. ಬೈದರೆ ಅದು ಈಜಿಕೊಂಡು ಆ ಕಡೆಗೆ ಹೋಗುತ್ತದೆ, ಅಷ್ಟೇ. ಕೈಯಲ್ಲಿ ಒಂದು ಸೀಟಿ, ಬಕೆಟ್ ತುಂಬ ಮೀನು, ಇಷ್ಟರಲ್ಲೇ ಕಲಿಸಬೇಕು. ಅಷ್ಟು ದೊಡ್ಡ ಪ್ರಾಣಿ ಇಷ್ಟರಲ್ಲೇ ಕಲಿಯುತ್ತದೆ ಅಂದರೆ, ಎರಡು ಕಿಲೋ ತೂಗುವ ಮರಿಗೆ ಪೇಪರ್ ಸುರುಳಿಯ ಏಟು ಯಾಕೆ ಬೇಕು?

ಸೀಟಿಯ ಕೆಲಸ ಏನು ಅಂತ ಹೇಳುತ್ತೇನೆ. ಮರಿ ಕೂತಿತು. ನೀವು ಜೇಬಿಗೆ ಕೈ ಹಾಕಿ, ಡಬ್ಬಿ ತೆಗೆದು, ತಿಂಡಿಯ ತುಂಡು ಕೊಡುವಷ್ಟರಲ್ಲಿ ಅದು ಎದ್ದು ನಿಮ್ಮ ಮೇಲೆ ಹಾರಿರುತ್ತದೆ. ಆಗ ನೀವು ಬಹುಮಾನ ಕೊಟ್ಟಿದ್ದು ಹಾರಿದ್ದಕ್ಕೆ. ಅದಕ್ಕೇ ಸರಿಯಾದ ಕ್ಷಣಕ್ಕೆ ಗುರುತು ಹಾಕುವ ಒಂದು ಸದ್ದು ಬೇಕು. ಒತ್ತಿದರೆ ಟಿಕ್ ಅನ್ನುವ ಕ್ಲಿಕ್ಕರ್ ಅಂತ ಚಿಕ್ಕ ಸಾಧನ ಸಿಗುತ್ತದೆ. ಅದಿಲ್ಲದಿದ್ದರೆ ಒಂದು ಚಿಕ್ಕ ಪದ ಸಾಕು, 'ಯೆಸ್' ಅನ್ನಿ, 'ಭೇಷ್' ಅನ್ನಿ. ಮೊದಲ ಒಂದೆರಡು ದಿನ ಏನೂ ಕೇಳಬೇಡಿ. ಪದ ಹೇಳಿ, ತುಂಡು ಕೊಡಿ. ಪದ ಕೇಳಿದ ಕೂಡಲೇ ಮರಿ ನಿಮ್ಮ ಮುಖ ನೋಡಲು ಶುರುಮಾಡಿದರೆ ಅರ್ಥವಾಯಿತು ಅಂತ. ಆಮೇಲೆ ಹಿಂಭಾಗ ನೆಲ ಮುಟ್ಟಿದ ಕ್ಷಣಕ್ಕೇ ಆ ಪದ ಹೇಳಿ. ತಿಂಡಿ ಒಂದೆರಡು ಸೆಕೆಂಡ್ ತಡವಾಗಿ ಬಂದರೂ ಯಾವುದಕ್ಕೆ ಬಂತು ಅಂತ ಅದಕ್ಕೆ ಗೊತ್ತಾಗುತ್ತದೆ. ಮನೆಯಲ್ಲಿ ಎಲ್ಲರೂ ಅದೇ ಪದ ಬಳಸಬೇಕು. ಅಜ್ಜಿಯನ್ನೂ ಸೇರಿಸಿಕೊಳ್ಳಿ. ದಿನದಲ್ಲಿ ಜಾಸ್ತಿ ಹೊತ್ತು ಮರಿಯ ಜೊತೆ ಇರುವವರು ಅವರೇ, ಅಲ್ವಾ?

ಇದು ಲಂಚ ಅಲ್ಲವಾ ಅಂತ ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ತುಂಡನ್ನು ಮೂಗಿನ ಮುಂದೆ ಆಡಿಸುತ್ತಲೇ ಕೆಲಸ ಮಾಡಿಸಿದರೆ ಅದು ಲಂಚದಂತೆಯೇ ಆಗುತ್ತದೆ, ಒಪ್ಪುತ್ತೇನೆ. ಹೊಸದನ್ನು ಕಲಿಸುವಾಗ ಮೂರು ನಾಲ್ಕು ಸಲ ಹಾಗೆ ತೋರಿಸಿ. ಆಮೇಲೆ ಖಾಲಿ ಕೈಯಲ್ಲಿ ಅದೇ ಸನ್ನೆ ಮಾಡಿ, ಕೆಲಸ ಆದ ಮೇಲೆ ಬೇರೆ ಕಡೆಯಿಂದ ತುಂಡು ಕೊಡಿ. ಚೆನ್ನಾಗಿ ಕಲಿತ ಮೇಲೆ ಪ್ರತಿ ಸಲ ಕೊಡಬೇಕಿಲ್ಲ, ಆದರೆ ಪೂರ್ತಿ ನಿಲ್ಲಿಸಬಾರದು. ಬಹುಮಾನ ಅಂದರೆ ತಿಂಡಿಯೇ ಆಗಬೇಕಿಲ್ಲ. ಬಾಗಿಲು ತೆರೆಯುವುದು ಬಹುಮಾನ. ಮರದ ಬುಡ ಮೂಸಲು ಬಿಡುವುದು ದೊಡ್ಡ ಬಹುಮಾನ. ಕೂತರೆ ಮಾತ್ರ ಬಾಗಿಲು ತೆರೆಯುತ್ತದೆ ಅಂತಾದರೆ, ದಿನಕ್ಕೆ ಎಷ್ಟೋ ಸಲ ಖರ್ಚಿಲ್ಲದೆ ಪಾಠ ಆಗುತ್ತದೆ.

ತುಂಡು ಅರ್ಧ ಕಡಲೆಕಾಳಿನಷ್ಟು ಇದ್ದರೆ ಸಾಕು. ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ ಒಳ್ಳೆಯದು. ಸಸ್ಯಾಹಾರಿ ಮನೆಯಾದರೆ ಪನೀರ್, ಕ್ಯಾರೆಟ್, ಸೌತೆಕಾಯಿ, ಬೀಜ ತೆಗೆದ ಸೇಬು ಕೊಡಿ. ದಿನದ ಆಹಾರದಲ್ಲಿ ಇಂಥ ತಿಂಡಿ ಹತ್ತರಲ್ಲಿ ಒಂದು ಪಾಲು ದಾಟಬಾರದು. ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ. ಪ್ರಸಾದ ಅಂತ ಒಂದು ಚಮಚ ಕೇಸರಿಬಾತ್ ಕೊಡುವ ಮನೆಗಳು ನಮ್ಮಲ್ಲಿ ಬಹಳ. ಅದರಲ್ಲಿ ಒಣದ್ರಾಕ್ಷಿ ಇರುತ್ತದೆ. ದಯವಿಟ್ಟು ಕೊಡಬೇಡಿ. ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲಿ ಹಾಕುವ ಕ್ಸೈಲಿಟಾಲ್ ಕೂಡ ಪ್ರಾಣಕ್ಕೆ ಅಪಾಯ.

ಈಗ ಏಟಿನ ವಿಷಯ. ಹೊಡೆಯದಿದ್ದರೆ ನಾಯಿ ತಲೆ ಮೇಲೆ ಕೂರುತ್ತದೆ, ನೀವು ಅದಕ್ಕೆ ಆಲ್ಫಾ, ಅಂದರೆ ಗುಂಪನ್ನು ಆಳುವ ಯಜಮಾನ ಆಗಬೇಕು ಅಂತ ಹೇಳುವ ಟ್ರೇನರ್‌ಗಳು ಈ ಊರಿನಲ್ಲಿ ಇನ್ನೂ ಇದ್ದಾರೆ. ಮರಿಯನ್ನು ಮಗುಚಿ ನೆಲಕ್ಕೆ ಒತ್ತಿ ಹಿಡಿಯಲು ಹೇಳಿಕೊಡುತ್ತಾರೆ. ಈ ಆಲ್ಫಾ ಮಾತಿನ ಮೂಲ 1947ರಲ್ಲಿ ರುಡಾಲ್ಫ್ ಶೆಂಕೆಲ್ ಬರೆದ ಅಧ್ಯಯನ. ಅವರು ನೋಡಿದ್ದು ಸ್ವಿಟ್ಜರ್ಲೆಂಡ್‌ನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು. ಆ ಮಾತನ್ನು ಮುಂದೆ ಜನರಿಗೆ ತಲುಪಿಸಿದ ತೋಳ ತಜ್ಞ ಡೇವಿಡ್ ಮೆಕ್ ಅವರೇ 1999ರಲ್ಲಿ ಅದನ್ನು ತಿದ್ದಿದರು. ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ ಮತ್ತು ಅವರ ಮಕ್ಕಳು. ಕಾದಾಡಿ ಪಟ್ಟ ಗೆದ್ದ ನಾಯಕ ಅಲ್ಲಿ ಇಲ್ಲ. ಬೋನಿನ ತೋಳದ ಮೇಲೆ ಕಟ್ಟಿದ ಮಾತನ್ನು ನಮ್ಮ ಹಾಲ್‌ನಲ್ಲಿ ಮಲಗುವ ಮರಿಯ ಮೇಲೆ ಹೇರುವುದು ಅನ್ಯಾಯ.

2020ರಲ್ಲಿ ಪೋರ್ಚುಗಲ್‌ನ ಪೋರ್ಟೊ ಸುತ್ತಮುತ್ತಲಿನ 7 ತರಬೇತಿ ಶಾಲೆಗಳ 92 ನಾಯಿಗಳ ಮೇಲೆ ಒಂದು ಅಧ್ಯಯನ ಪ್ರಕಟವಾಯಿತು. ಬಹುಮಾನ ಕೊಟ್ಟು ಕಲಿಸುವ ಶಾಲೆಗಳೂ ಇದ್ದವು, ಬೆಲ್ಟ್ ಜಗ್ಗಿ, ಶಾಕ್ ಕೊಟ್ಟು, ಗದರಿಸಿ ಕಲಿಸುವವೂ ಇದ್ದವು. ಗದರಿಸುವ ಕಡೆಯ ನಾಯಿಗಳು ಪಾಠದ ಹೊತ್ತಿನಲ್ಲಿ ಜಾಸ್ತಿ ತುಟಿ ನೆಕ್ಕಿಕೊಂಡವು, ಆಕಳಿಸಿದವು. ಪಾಠ ಮುಗಿದ ಮೇಲೆ ಅವುಗಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನ್ ಏರಿತ್ತು. ಕುತ್ತಿಗೆಗೆ ಕರೆಂಟ್ ಶಾಕ್ ಕೊಡುವ ಪಟ್ಟಿ, ಅಂದರೆ ಶಾಕ್ ಕಾಲರ್ ಅನ್ನು ವೇಲ್ಸ್ ದೇಶ 2010ರಲ್ಲೇ ನಿಷೇಧಿಸಿದೆ. ನಮ್ಮಲ್ಲಿ ಅದು ಆನ್‌ಲೈನ್‌ನಲ್ಲಿ ಆಟಿಕೆಯ ಹಾಗೆ ಮಾರಾಟವಾಗುತ್ತದೆ. ನನಗೆ ಇದು ನಿಜಕ್ಕೂ ನೋವು ಕೊಡುವ ವಿಷಯ.

ಅದಕ್ಕೆ ತಪ್ಪು ಮಾಡಿದ್ದು ಗೊತ್ತು, ಮುಖ ನೋಡಿ ಹೇಗೆ ಸಣ್ಣದು ಮಾಡಿಕೊಂಡಿದೆ ಅಂತೀರಲ್ಲ, ಅದನ್ನೂ ಪರೀಕ್ಷೆ ಮಾಡಿದ್ದಾರೆ. ನ್ಯೂಯಾರ್ಕ್‌ನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಡ ಅಂದ ತಿಂಡಿಯನ್ನು ನಾಯಿ ತಿಂದಿದೆಯೋ ಇಲ್ಲವೋ ಅನ್ನುವುದಕ್ಕೂ ಆ ಅಪರಾಧಿ ಮುಖಕ್ಕೂ ಸಂಬಂಧ ಸಿಗಲಿಲ್ಲ. ಒಡೆಯ ಬೈದರೆ ಆ ಮುಖ ಬರುತ್ತಿತ್ತು. ಅದು ಪಶ್ಚಾತ್ತಾಪ ಅಲ್ಲ. ನಿಮ್ಮ ಸಿಟ್ಟನ್ನು ತಣಿಸುವ ಪ್ರಯತ್ನ.

ಗುರ್ ಅಂದಾಗಲೂ ಹೊಡೆಯಬೇಡಿ. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ. ಅದಕ್ಕೆ ಏಟು ಬಿದ್ದರೆ ಎಚ್ಚರಿಕೆ ಕೊಡುವುದನ್ನು ನಿಲ್ಲಿಸುತ್ತದೆ, ಭಯ ಮಾತ್ರ ಹಾಗೇ ಉಳಿಯುತ್ತದೆ. ಮುಂದಿನ ಸಲ ನೇರವಾಗಿ ಹಲ್ಲು ಹಾಕಬಹುದು. ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವ ಗಾದೆಯನ್ನು ನಂಬಿ ಮಕ್ಕಳನ್ನು ನಾಯಿಯ ಹತ್ತಿರ ಬಿಡಬೇಡಿ. ಹೆದರಿ ಬೊಗಳುವ ನಾಯಿ ಕಚ್ಚಬಲ್ಲದು.

ಮನೆಗೆ ಟ್ರೇನರ್ ಕರೆಸುವ ಮುಂಚೆ ಒಂದೇ ಪ್ರಶ್ನೆ ಕೇಳಿ. ಮರಿ ತಪ್ಪು ಮಾಡಿದರೆ ನೀವು ಏನು ಮಾಡುತ್ತೀರಿ? ಉತ್ತರದಲ್ಲಿ ಜಗ್ಗುವುದು, ಒತ್ತಿ ಹಿಡಿಯುವುದು, ಎಳೆದರೆ ಕುತ್ತಿಗೆ ಬಿಗಿಯುವ ಚೋಕ್ ಚೈನ್ ಬಂದರೆ ಧನ್ಯವಾದ ಹೇಳಿ ಕಳಿಸಿ. ನಮ್ಮಲ್ಲಿ ಯಾರು ಬೇಕಾದರೂ ಟ್ರೇನರ್ ಅಂತ ಬೋರ್ಡ್ ಹಾಕಿಕೊಳ್ಳಬಹುದು. ಮರಿಯನ್ನು ಒಂದು ತಿಂಗಳು ನಮ್ಮ ಹತ್ತಿರ ಬಿಟ್ಟುಹೋಗಿ, ಕಲಿಸಿ ಕೊಡುತ್ತೇವೆ ಅನ್ನುವವರ ಬಗ್ಗೆ ನನಗೆ ಇನ್ನೂ ಜಾಸ್ತಿ ಅನುಮಾನ. ಅಲ್ಲಿ ಏನು ನಡೆಯುತ್ತದೆ ಅಂತ ನೀವು ನೋಡುವುದಿಲ್ಲ. ಕಲಿಯಬೇಕಾದ ನೀವು ಕಲಿಯುವುದೂ ಇಲ್ಲ.

ಇನ್ನು ವಯಸ್ಸಿನ ಮಾತು. ಇದಕ್ಕೆ ಸ್ವಲ್ಪ ಸಮಯ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಇದು ತಪ್ಪಿದರೆ ಮತ್ತೆ ಸಿಗುವುದಿಲ್ಲ. ಅಮೆರಿಕದ ಬಾರ್ ಹಾರ್ಬರ್‌ನ ಪ್ರಯೋಗಾಲಯದಲ್ಲಿ ಸ್ಕಾಟ್ ಮತ್ತು ಫುಲ್ಲರ್ ಅನ್ನುವ ಇಬ್ಬರು ವಿಜ್ಞಾನಿಗಳು ವರ್ಷಗಟ್ಟಲೆ ಮರಿಗಳನ್ನು ಗಮನಿಸಿದರು. ಅವರ ಕೆಲಸ 1965ರಲ್ಲಿ ಹೊರಬಂತು. ಹುಟ್ಟಿದ 3ನೇ ವಾರದಿಂದ ಸುಮಾರು 12ನೇ ವಾರದವರೆಗೆ ಮರಿಯ ಮನಸ್ಸಿನ ಬಾಗಿಲು ತೆರೆದಿರುತ್ತದೆ. ಈ ಹೊತ್ತಿನಲ್ಲಿ ನೆಮ್ಮದಿಯಾಗಿ ಕಂಡದ್ದನ್ನು ಅದು ಲೋಕದ ಸಹಜ ಭಾಗ ಅಂತ ಒಪ್ಪಿಕೊಳ್ಳುತ್ತದೆ. ಆಮೇಲೆ ಕಂಡ ಹೊಸದನ್ನು ಅನುಮಾನದಿಂದ ನೋಡುತ್ತದೆ. ಇದರಲ್ಲಿ ಮೊದಲ ಭಾಗ ತಾಯಿಯ ಜೊತೆ, ಒಡಹುಟ್ಟಿದ ಮರಿಗಳ ಜೊತೆ ಕಳೆಯಬೇಕು. ನಮ್ಮ ದೇಶದಲ್ಲಿ 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. 30 ದಿನದ ಮರಿ ತಗೊಳ್ಳಿ ಸಾರ್, ಬೇಗ ಹೊಂದಿಕೊಳ್ಳುತ್ತೆ ಅನ್ನುವವರ ಹತ್ತಿರ ಕೊಳ್ಳಬೇಡಿ.

8 ವಾರಕ್ಕೆ ಮನೆಗೆ ಬಂದರೆ ನಿಮಗೆ ಉಳಿಯುವುದು ಸುಮಾರು ನಾಲ್ಕು ವಾರ ಮಾತ್ರ. ಅದೇ ಹೊತ್ತಿಗೆ ಲಸಿಕೆಯೂ ನಡೆಯುತ್ತಿರುತ್ತದೆ. 6ರಿಂದ 8ನೇ ವಾರಕ್ಕೆ ಶುರುವಾಗಿ, 3-4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. ತಾಯಿಯಿಂದ ಬಂದ ರಕ್ಷಣೆ ಲಸಿಕೆಯ ಕೆಲಸಕ್ಕೆ ಅಡ್ಡ ಬರುವುದರಿಂದ ಒಂದೇ ಡೋಸ್ ಸಾಲುವುದಿಲ್ಲ. ರೇಬಿಸ್ ಲಸಿಕೆ 3 ತಿಂಗಳಿಗೆ. ಎಲ್ಲ ಲಸಿಕೆ ಮುಗಿಯುವವರೆಗೆ ಹೊರಗೆ ತರಬೇಡಿ ಅಂತ ಹೇಳಿಸಿಕೊಂಡವರು ಇಲ್ಲಿ ತುಂಬಾ ಜನ ಇದ್ದೀರಿ. ಹಾಗೆ ಹೇಳುವುದರ ಹಿಂದೆ ನಿಜವಾದ ಕಾರಣ ಇದೆ. ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಮರಿಗಳನ್ನು ಕೊಲ್ಲುತ್ತದೆ. ಆದರೆ 16 ವಾರ ಫ್ಲಾಟ್ ಒಳಗೇ ಬೆಳೆದ ಮರಿ ಆಮೇಲೆ ಆಟೋ ಸದ್ದಿಗೆ, ಹೆಲ್ಮೆಟ್ ಹಾಕಿದವರಿಗೆ, ಕೋಲು ಹಿಡಿದ ತಾತನಿಗೆ ಬದುಕಿಡೀ ಹೆದರಬಹುದು. ಪ್ರಾಣಿಗಳ ವರ್ತನೆಯ ಬಗ್ಗೆ ಕೆಲಸ ಮಾಡುವ ಅಮೆರಿಕದ ಪಶುವೈದ್ಯರ ಸಂಘ 2008ರಲ್ಲೇ ಇದನ್ನು ಹೇಳಿದೆ. ಮೊದಲ ಲಸಿಕೆಯಾಗಿ ಒಂದು ವಾರ ಕಳೆದ ಮರಿಯನ್ನು, ಸ್ವಚ್ಛವಾದ ಜಾಗದಲ್ಲಿ, ಆರೋಗ್ಯವಂತ ನಾಯಿಗಳ ಜೊತೆ ಬೆರೆಸಬಹುದು, ಬೆರೆಸಬೇಕು.

ದಾರಿ ಸುಲಭ. ಮರಿಯ ಕಾಲು ನೆಲಕ್ಕೆ ಸೋಕದಿದ್ದರೆ ಆಯಿತು. ಎತ್ತಿಕೊಳ್ಳಿ, ಇಲ್ಲವೇ ಎದೆಗೆ ಕಟ್ಟಿಕೊಳ್ಳುವ ಚೀಲದಲ್ಲಿ ಹಾಕಿಕೊಳ್ಳಿ. ಬೆಳಗ್ಗೆ ಹಾಲಿನ ಬೂತ್ ಹತ್ತಿರ ಒಂದೈದು ನಿಮಿಷ ನಿಲ್ಲಿ. ಕಸದ ಗಾಡಿ ಹಾಡು ಹಾಕಿಕೊಂಡು ಬರುತ್ತದೆ, ಒಂದು ತುಂಡು ಕೊಡಿ. ಸೊಪ್ಪಿನವರು ಕೂಗುತ್ತಾರೆ, ಒಂದು ತುಂಡು. ಸೆಕ್ಯೂರಿಟಿಯವರ ಸೀಟಿಗೆ ಒಂದು. ಒಂದು ದಿನ ಆಟೋದಲ್ಲಿ ಕೂರಿಸಿಕೊಂಡು ಗಾಂಧಿ ಬಜಾರ್ ಕಡೆ ಹೋಗಿ ದೂರದಿಂದ ಹೂವಿನ ಅಂಗಡಿಗಳ ಗದ್ದಲ ತೋರಿಸಿ ವಾಪಸ್ ಬನ್ನಿ. ಮನೆಯಲ್ಲಿ ಕುಕ್ಕರ್ ಸೀಟಿ, ಮಿಕ್ಸಿ, ಕಾಲಿಂಗ್ ಬೆಲ್ ಎಲ್ಲವೂ ಪಾಠವೇ. ಒಂದು ಎಚ್ಚರ. ಮರಿ ತಿನ್ನುವುದನ್ನು ನಿಲ್ಲಿಸಿತು, ಬಾಲ ಒಳಗೆಳೆದುಕೊಂಡಿತು, ಕಣ್ಣಿನ ಬಿಳಿ ಕಾಣುತ್ತಿದೆ ಅಂದರೆ ಅದಕ್ಕೆ ಅದು ಜಾಸ್ತಿಯಾಯಿತು ಅಂತ. ದೂರ ಸರಿಯಿರಿ. ಹೆದರಿದ ಮರಿಯನ್ನು ಅಲ್ಲೇ ನಿಲ್ಲಿಸಿ ಅಭ್ಯಾಸ ಮಾಡಿಸುತ್ತೇನೆ ಅಂದರೆ ಭಯವೇ ಅಭ್ಯಾಸವಾಗುತ್ತದೆ.

ಮೈ ಮುಟ್ಟಿಸಿಕೊಳ್ಳುವುದನ್ನೂ ಇದೇ ವಯಸ್ಸಿನಲ್ಲಿ ಕಲಿಸಿ. ಕಿವಿ ಮುಟ್ಟಿದೆ, ತುಂಡು. ಪಾದದ ಬೆರಳು ಬಿಡಿಸಿದೆ, ತುಂಡು. ಬೆಂಗಳೂರಿನ ಹವೆಯಲ್ಲಿ ರಕ್ತ ಹೀರುವ ಉಣ್ಣಿ ವರ್ಷವಿಡೀ ಇರುತ್ತದೆ, ಅದರಿಂದ ಬರುವ ಟಿಕ್ ಫೀವರ್ ನಾಯಿಯನ್ನು ಕೊಲ್ಲಬಹುದು. ದಿನಾ ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ನೋಡಲು ಬಿಡುವ ನಾಯಿಗೆ ಕಾಯಿಲೆ ತಗಲುವ ಅಪಾಯ ಕಡಿಮೆ.

ಉಚ್ಚೆಯ ವಿಷಯಕ್ಕೆ ಬರುತ್ತೇನೆ. ಅತಿ ಹೆಚ್ಚು ಏಟು ಬೀಳುವುದು ಇದಕ್ಕೇ. ಎರಡು ತಿಂಗಳ ಮರಿ ಎಚ್ಚರವಿದ್ದಾಗ ಎರಡು ಮೂರು ಗಂಟೆಗಿಂತ ಹೆಚ್ಚು ತಡೆದುಕೊಳ್ಳಲಾರದು. ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ ಅದು ಮಾಡಿಯೇ ಮಾಡುತ್ತದೆ. ಆ ಹೊತ್ತಿಗೆ ನೀವೇ ಜಾಗಕ್ಕೆ ಕರೆದುಕೊಂಡು ಹೋಗಿ. ನಾಲ್ಕನೇ ಮಹಡಿಯಾದರೆ ಲಿಫ್ಟ್ ಬರುವಷ್ಟರಲ್ಲಿ ಕಥೆ ಮುಗಿದಿರುತ್ತದೆ, ಬಾಲ್ಕನಿಯಲ್ಲಿ ಹುಲ್ಲಿನ ಟ್ರೇ ಇಡಿ. ಮಾಡಿ ಮುಗಿಸಿದ ಜಾಗದಲ್ಲೇ, ಆ ಕ್ಷಣವೇ ತುಂಡು ಕೊಡಿ. ಮನೆಗೆ ಬಂದು ಕೊಟ್ಟರೆ ಅದು ಮನೆಗೆ ಬಂದದ್ದಕ್ಕೆ ಸಿಕ್ಕ ಹಾಗೆ. ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಕೆಳಗೆ ಕರೆದೊಯ್ದು, ಉಚ್ಚೆ ಆದ ತಕ್ಷಣ ವಾಪಸ್ ಮೇಲೆ ತಂದರೆ, ಉಚ್ಚೆ ಮಾಡಿದರೆ ಸುತ್ತಾಟ ಮುಗಿಯುತ್ತದೆ ಅಂತ ಮರಿ ಕಲಿಯುತ್ತದೆ. ಆಮೇಲೆ ತಡೆದುಕೊಂಡು ಬಂದು ಕಾರ್ಪೆಟ್ ಮೇಲೆ ಮಾಡುತ್ತದೆ. ಆದ ಮೇಲೆ ಇನ್ನೊಂದು ಐದು ನಿಮಿಷ ಸುತ್ತಿಸಿ. ಮನೆಯೊಳಗೆ ಆದರೆ ಮಾತಿಲ್ಲದೆ ಒರೆಸಿ. ಮೂತಿಯನ್ನು ಅದಕ್ಕೆ ಒತ್ತಿದರೆ ಮರಿ ಕಲಿಯುವುದು ಒಂದೇ, ಇವರ ಕಣ್ಣಮುಂದೆ ಮಾಡಬಾರದು, ಮಂಚದ ಹಿಂದೆ ಹೋಗಿ ಮಾಡಬೇಕು. ಫಿನಾಯಿಲ್ ನಮ್ಮ ಮೂಗಿಗೆ ಮಾತ್ರ ವಾಸನೆ ಮುಚ್ಚುತ್ತದೆ. ಎಂಜೈಮ್ ಇರುವ ಕ್ಲೀನರ್ ಬಳಸಿ.

ಕಚ್ಚುವುದರ ಬಗ್ಗೆ ಬೇಗ ಹೇಳಿಬಿಡುತ್ತೇನೆ. 28 ಹಾಲುಹಲ್ಲು ಬಿದ್ದು 42 ಹಲ್ಲು ಬರುವುದು ಸುಮಾರು 4ರಿಂದ 7 ತಿಂಗಳ ನಡುವೆ. ಒಸಡು ತುರಿಸುತ್ತದೆ. ತಣ್ಣಗಿನ ಕ್ಯಾರೆಟ್, ಒದ್ದೆ ಬಟ್ಟೆ ಗಂಟು ಕಟ್ಟಿ ಫ್ರೀಜರ್‌ನಲ್ಲಿಟ್ಟದ್ದು ಕೊಡಿ. ಹಲ್ಲು ಚರ್ಮಕ್ಕೆ ತಾಗಿದರೆ ಆಟ ನಿಲ್ಲಿಸಿ, ಆಟಿಕೆ ಹಿಡಿದರೆ ಆಟ ಮುಂದುವರಿಸಿ. ಸಂಜೆ ಏಳರ ಹೊತ್ತಿಗೆ ಹುಚ್ಚು ಹಿಡಿದ ಹಾಗೆ ಓಡಿ ಕಚ್ಚುವ ಮರಿಗೆ ಬಹಳ ಸಲ ಬೇಕಾಗಿರುವುದು ನಿದ್ದೆ. ಎರಡು ಮೂರು ತಿಂಗಳ ಮರಿ ದಿನಕ್ಕೆ 18ರಿಂದ 20 ಗಂಟೆ ಮಲಗಬೇಕು. ನಾಲ್ಕು ಜನ ಸರದಿಯಲ್ಲಿ ಆಡಿಸುವ ಮನೆಯಲ್ಲಿ ಅದಕ್ಕೆ ಅಷ್ಟು ನಿದ್ದೆ ಸಿಗುವುದಿಲ್ಲ.

ಬೀದಿನಾಯಿಗಳ ಬಗ್ಗೆ ಹಿಂದಿನ ಸಾಲಿನ ಅಮ್ಮ ಒಬ್ಬರು ಕೇಳಿದರು. ದೂರದಲ್ಲಿ ನಾಯಿ ಕಂಡಾಗ ನಿಮ್ಮ ಮರಿ ಅದನ್ನು ನೋಡಿ ಸುಮ್ನೆ ಇದ್ದರೆ, ಆ ಕ್ಷಣಕ್ಕೆ ಭೇಷ್ ಹೇಳಿ ತುಂಡು ಕೊಡಿ. ಬೊಗಳಿದ ಮೇಲೆ ಬೈಯುವುದಕ್ಕಿಂತ ಬೊಗಳುವ ಮುಂಚಿನ ಆ ಎರಡು ಸೆಕೆಂಡ್ ಮುಖ್ಯ. ಬೀದಿನಾಯಿ ಹತ್ತಿರ ಬಂದರೆ ಓಡಬೇಡಿ, ಬೆಲ್ಟ್ ಬಿಗಿಯಾಗಿ ಜಗ್ಗಬೇಡಿ. ಒಂದು ಹಿಡಿ ತಿಂಡಿ ಅದರ ಕಡೆ ನೆಲಕ್ಕೆ ಚೆಲ್ಲಿ, ನಿಮ್ಮ ಪಾಡಿಗೆ ನಡೆಯಿರಿ. ಲಿಫ್ಟ್‌ನಲ್ಲಿ ಮರಿಯನ್ನು ಗೋಡೆಗೂ ನಿಮ್ಮ ಕಾಲಿಗೂ ನಡುವೆ ಕೂರಿಸಿ. ನಾಯಿಗೆ ಹೆದರುವವರು ಇದ್ದರೆ ಮುಂದಿನ ಲಿಫ್ಟ್‌ಗೆ ಕಾಯಿರಿ, ಅವರ ಭಯವೂ ನಿಜವೇ.

ಮನೆಯಿಂದಲೇ ಕೆಲಸ ಮಾಡುವವರಿಗೆ ಒಂದು ಮಾತು. ಈಗ ನೀವು ಸದಾ ಮನೆಯಲ್ಲಿದ್ದೀರಿ. ಮುಂದೆ ಆಫೀಸಿಗೆ ಕರೆದರೆ ಮರಿ ಒಂಟಿಯಾಗಿ ಇರಬೇಕಾಗುತ್ತದೆ. ಮೊದಲ ವಾರದಿಂದಲೇ ಒಂದು ನಿಮಿಷ, ಎರಡು ನಿಮಿಷ ಬೇರೆ ಕೋಣೆಗೆ ಹೋಗಿ ಬನ್ನಿ. ಅಳುವ ಮುಂಚೆ ವಾಪಸ್ ಬರುವುದು ಮುಖ್ಯ. ಅತ್ತು ಅತ್ತು ಸುಮ್ಮನಾಗಲಿ ಅಂತ ಬಿಟ್ಟರೆ ಒಂಟಿತನದ ಭಯ ಬೇರೂರುತ್ತದೆ.

ಕೊನೆಗೆ ಪಟಾಕಿ ಬಗ್ಗೆ ಕೇಳಿದಿರಿ. ದೀಪಾವಳಿಗೆ ಮುಂಚೆ ಗಣೇಶನ ಹಬ್ಬದ ತಮಟೆಯೂ ಇದೆ. ತಯಾರಿ ತಿಂಗಳುಗಳ ಮುಂಚೆ ಶುರುವಾಗಬೇಕು. ಫೋನಿನಲ್ಲಿ ಪಟಾಕಿ ಸದ್ದನ್ನು ಕಿವಿಗೆ ಬಿದ್ದೂ ಬೀಳದಷ್ಟು ಸಣ್ಣಗೆ ಹಾಕಿ, ಊಟ ಕೊಡಿ. ಮರಿ ತಲೆ ಎತ್ತದೆ ತಿನ್ನುತ್ತಿದ್ದರೆ ಕೆಲವು ದಿನ ಬಿಟ್ಟು ಸ್ವಲ್ಪ ಏರಿಸಿ. ತಲೆ ಎತ್ತಿ ನಿಂತರೆ ಮತ್ತೆ ಇಳಿಸಿ. ಹಬ್ಬದ ದಿನ ಪಟಾಕಿಗೆ ರಾತ್ರಿ 8ರಿಂದ 10 ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸಮಯ ನಿಗದಿ ಮಾಡಿದೆ. ಆದರೆ ಬೀದಿಯಲ್ಲಿ ಸಂಜೆಗೇ ಶುರುವಾಗುತ್ತದೆ, ಹಾಗಾಗಿ ಸುತ್ತಾಟವನ್ನು ಬೆಳಕಿದ್ದಾಗಲೇ ಮುಗಿಸಿ, ಬೆಲ್ಟ್ ಬಿಚ್ಚದೆ. ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಮಂಚದ ಕೆಳಗೆ ಅಡಗಿದರೆ ಅಡಗಲು ಬಿಡಿ. ಹತ್ತಿರ ಬಂದರೆ ಅಪ್ಪಿಕೊಳ್ಳಿ. ಮುದ್ದು ಮಾಡಿದರೆ ಭಯ ಜಾಸ್ತಿಯಾಗುತ್ತದೆ ಅನ್ನುವುದು ಸುಳ್ಳು. ನಡುಕ, ಜೊಲ್ಲು, ಊಟ ಬಿಡುವುದು ಕಳೆದ ವರ್ಷವೇ ಕಂಡಿದ್ದರೆ ಈ ಸಲ ಹಬ್ಬಕ್ಕೆ ಎರಡು ಮೂರು ವಾರ ಇರುವಾಗಲೇ ಪಶುವೈದ್ಯರ ಹತ್ತಿರ ಹೋಗಿ. ಭಯ ತಗ್ಗಿಸುವ ಔಷಧಿಗಳಿವೆ, ತೂಕ ನೋಡಿ ಅವರೇ ಬರೆದುಕೊಡುತ್ತಾರೆ. ಮನೆಯಲ್ಲಿ ದೊಡ್ಡವರಿಗೆ ಇಟ್ಟ ನಿದ್ದೆ ಮಾತ್ರೆಯನ್ನು ಅರ್ಧ ಮಾಡಿ ಕೊಡಬೇಡಿ.